ಸೆಕ್ಯೂರ್ ಬೂಟ್ ಆಫ್ ಮಾಡದೆಯೇ ವೈಫೈ ಮರಳಿ ಪಡೆದ ಬಗೆ

ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಆದ ಉಬುಂಟುವನ್ನು 22.04ರಿಂದ 24.04ಕ್ಕೆ ಅಪ್‌ಗ್ರೇಡ್ ಮಾಡಿದ ಮೇಲೆ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ವೈಫೈ ಆಯ್ಕೆಯೇ ಕಾಣಿಸದಾಯಿತು. ಕಾರ್ಡ್ ಹೋಗಿದೆ, ಬದಲಿಸಲೇಬೇಕು ಎಂದು ರಿಪೇರಿಯವರು ಹೇಳಿದರು. ಮಾನ್ಯ ಡಿಜಿಟಲ್ ಸಹಿಯಿಲ್ಲದ ತಂತ್ರಾಂಶವನ್ನು ತಡೆಯುವ ಸೆಕ್ಯೂರ್ ಬೂಟ್ ಆಫ್ ಮಾಡದೆ, ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಲೋಡ್ ಆಗುವುದೇ ಇಲ್ಲ ಎಂದು ಬಲ್ಲ ಗೆಳೆಯರು ವಾದಿಸಿದರು. ಎರಡೂ ಮಾತು ನಿಜವಲ್ಲವೆಂದು ಸಾಧಿಸಿ, ಹಲವು ತಿಂಗಳಿಂದ ಅದೇ ಕಾರ್ಡಿನಲ್ಲಿ ಕೆಲಸ ನಡೆಸುತ್ತಿದ್ದೇನೆ.

ಯಂತ್ರದೊಳಗಿನ ಕಾರ್ಡ್‌ಗಳನ್ನು ತೋರಿಸುವ ಎಲ್‌ಎಸ್‌ಪಿಸಿಐ ಆದೇಶದ ಪಟ್ಟಿಯಲ್ಲಿ ಕಾರ್ಡ್ ಇತ್ತು, ಅದರ ಕೆಳಗೆ ಡ್ರೈವರಿನ ಹೆಸರು ಮಾತ್ರ ಇರಲಿಲ್ಲ. ಪಟ್ಟಿಯಲ್ಲಿ ಕಾಣಿಸುವ ಕಾರ್ಡ್ ಕೆಟ್ಟಿದೆಯೆಂದು ನಾನು ಸುಲಭವಾಗಿ ಒಪ್ಪುವವನಲ್ಲ. ಸಿಸ್ಟಮ್ಮಿನ ತಿರುಳಾದ ಕೆರ್ನಲ್ 5.15ರಿಂದ 6.8ಕ್ಕೆ ಏರಿತ್ತು; ಈ ಡ್ರೈವರ್ ಕೆರ್ನಲ್‌ನ ಭಾಗವಲ್ಲದ್ದರಿಂದ ಹೊರಗಿನ ಡ್ರೈವರ್‌ಗಳನ್ನು ಪ್ರತಿ ಕೆರ್ನಲ್‌ಗೂ ಕಟ್ಟಿಕೊಡುವ ಡಿಕೆಎಂಎಸ್ ಎಂಬ ಸಾಧನ ಅದನ್ನು ಹೊಸದಾಗಿ ಕಟ್ಟಬೇಕಿತ್ತು, ಆದರೆ ಅದಕ್ಕೆ ಬೇಕಾದ ಹೊಸ ಕೆರ್ನಲ್‌ನ ಹೆಡರ್ ಫೈಲ್‌ಗಳೇ ಇರಲಿಲ್ಲ. ಫೋನನ್ನು ಯುಎಸ್‌ಬಿ ಟೆದರಿಂಗ್‌ನಲ್ಲಿ ಜೋಡಿಸಿ ಹೆಡರ್‌ಗಳನ್ನು ಇಳಿಸಿಕೊಂಡ ಮೇಲೆ ಡ್ರೈವರಿನ ಮಾಡ್ಯೂಲ್ ಸಿದ್ಧವಾಯಿತು. ಆದರೆ ಅದನ್ನು ಲೋಡ್ ಮಾಡುವ ಮಾಡ್‌ಪ್ರೋಬ್ ಆದೇಶ ಕೊಟ್ಟೊಡನೆ, ಸಹಿ ಹಾಕಿದ ಕೀಲಿಗೆ ಮಾನ್ಯತೆ ಇಲ್ಲವೆಂದು ಕೆರ್ನಲ್ ಅದನ್ನು ತಿರಸ್ಕರಿಸಿತು.

ಹೊಸ ಕಾರ್ಡಿಗಿಂತ ಅಗ್ಗವೆಂದು ಈ ನಡುವೆ ಒಂದು ಯುಎಸ್‌ಬಿ ವೈಫೈ ಅಡಾಪ್ಟರ್ ಕೊಂಡಿದ್ದೆ. ಅದರ ಡ್ರೈವರ್ ಕೂಡ ಹೊರಗಿನದೇ ಆಗಿದ್ದು, ಅದಕ್ಕೂ ಅದೇ ತಿರಸ್ಕಾರ ಎದುರಾಯಿತು. ಹಣ ದಂಡವಾಯಿತಾದರೂ, ಎರಡು ಬೇರೆ ಚಿಪ್‌ಗಳಿಗೆ ಒಂದೇ ಗತಿಯಾದದ್ದರಿಂದ ದೋಷ ಹಾರ್ಡ್‌ವೇರಿನದಲ್ಲ ಎಂಬುದು ಖಾತ್ರಿಯಾಯಿತು.

ಸೆಕ್ಯೂರ್ ಬೂಟ್ ಆಫ್ ಮಾಡಲು ನಾನು ಒಪ್ಪದಿರಲು ಕಾರಣವಿತ್ತು. ಅದೇ ಡಿಸ್ಕಿನಲ್ಲಿ ಬಿಟ್‌ಲಾಕರ್ ಎಂಬ ಎನ್‌ಕ್ರಿಪ್ಷನ್ ಬೀಗವಿರುವ ವಿಂಡೋಸ್ ಇದೆ, ಬೂಟ್ ಸೆಟ್ಟಿಂಗ್ ಬದಲಾದರೆ ಅದು ರಿಕವರಿ ಕೀ ಕೇಳುತ್ತದೆ. ಹಾಗಾಗಿ ಡಿಕೆಎಂಎಸ್ ಸಹಿಗೆ ಬಳಸುವ ಕೀಲಿಯನ್ನು, ಯಂತ್ರದ ಮಾಲೀಕರ ಕೀಲಿಗಳನ್ನು (ಮೋಕ್) ನಿರ್ವಹಿಸುವ ಮೋಕ್‌ಯುಟಿಲ್ ಮೂಲಕ ನೋಂದಣಿಗೆ ಕೊಟ್ಟು, ತಾತ್ಕಾಲಿಕ ಪಾಸ್‌ವರ್ಡ್ ಇಟ್ಟು ರೀಬೂಟ್ ಮಾಡಿದೆ. ಆಗ ಬರುವ ನೀಲಿ ಪರದೆ ಸುಮಾರು ಹತ್ತು ಸೆಕೆಂಡು ಮಾತ್ರ ಕಾಯುತ್ತದೆ. ಅಷ್ಟರಲ್ಲಿ ಯಾವುದಾದರೂ ಕೀ ಒತ್ತದಿದ್ದರೆ ಬೂಟ್ ಮುಂದುವರಿದು, ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಗುತ್ತದೆ. ಅಲ್ಲಿನ ಕೀಬೋರ್ಡ್ ಅಮೆರಿಕನ್ ವಿನ್ಯಾಸದ್ದಾದ್ದರಿಂದ ಪಾಸ್‌ವರ್ಡಿನಲ್ಲಿ ಚಿಹ್ನೆಗಳನ್ನು ಬಳಸದೆ, ಸರಳ ಅಕ್ಷರಗಳನ್ನಷ್ಟೇ ಇಡುವುದು ಕ್ಷೇಮ. ‘ಎನ್‌ರೋಲ್ ಮೋಕ್’ ಆರಿಸಿ ದೃಢೀಕರಿಸಿದ ಮೇಲೆ ಡ್ರೈವರ್ ತಕರಾರಿಲ್ಲದೆ ಲೋಡ್ ಆಯಿತು.

ಸಂಪರ್ಕವೇನೋ ಬಂತು, ಆದರೆ ಪಿಂಗ್, ಅಂದರೆ ಸಂದೇಶ ಹೋಗಿ ಉತ್ತರ ಬರುವ ಸಮಯ, ಕೆಲವೊಮ್ಮೆ 200 ಮಿಲಿಸೆಕೆಂಡು ದಾಟುತ್ತಿತ್ತು. ರೌಟರಿನ ಚಾನೆಲನ್ನು 1, 6, 11 ಎಂದು ಬದಲಿಸಿ ನೋಡಿದರೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನೆಟ್‌ವರ್ಕ್ ಮ್ಯಾನೇಜರಿನ ವೈಫೈ ಪವರ್‌ಸೇವ್ (ವಿದ್ಯುತ್ ಉಳಿತಾಯ) ಮೌಲ್ಯವನ್ನು 3ರಿಂದ 2ಕ್ಕೆ ಇಳಿಸಿದಾಗ, ಅಂದರೆ ಅದನ್ನು ಆಫ್ ಮಾಡಿದಾಗ, ಪಿಂಗ್ ಹತ್ತರ ಆಸುಪಾಸಿಗೆ ಬಂದು ನಿಂತಿತು. ಬ್ಯಾಟರಿ ತುಸು ಬೇಗ ಇಳಿಯುತ್ತದೆ, ಅದಕ್ಕೆ ನನ್ನ ಅಭ್ಯಂತರವಿಲ್ಲ.

ಲ್ಯಾಪ್‌ಟಾಪ್ ಸಸ್ಪೆಂಡ್‌ನಿಂದ (ನಿದ್ರಾಸ್ಥಿತಿಯಿಂದ) ಎದ್ದಾಗ ಕಾರ್ಡ್ ಕಾಣೆಯಾಗುವುದಕ್ಕೂ ಒಂದು ಉಪಾಯ ಮಾಡಿಕೊಂಡಿದ್ದೇನೆ. ಇನ್ನಷ್ಟು ದಿನ ಪರೀಕ್ಷಿಸದೆ ಅದನ್ನು ಹಂಚುವುದಿಲ್ಲ. ಆಮೇಲೆ ಬಂದ ಕೆರ್ನಲ್ ಅಪ್‌ಡೇಟ್‌ಗಳಲ್ಲೆಲ್ಲ ಡಿಕೆಎಂಎಸ್ ಅದೇ ಕೀಲಿಯಿಂದ ತಾನಾಗಿಯೇ ಸಹಿ ಹಾಕಿದೆ, ನೀಲಿ ಪರದೆ ಮತ್ತೆ ಬಂದಿಲ್ಲ.