ಭಾಗಾಕಾರ ಮಾಡಿ ಕಲಿತ ಷೇರು, ಬಾಂಡ್ ಮಾತುಗಳು

ನಾನು ಮೊದಲು ಕೊಂಡ ಷೇರಿನ ಬೆಲೆ 20 ಇತ್ತು. ಅದೇ ವ್ಯಾಪಾರದ ಇನ್ನೊಂದು ಕಂಪನಿಯದು 500. ಇಪ್ಪತ್ತರದ್ದು ಅಗ್ಗ ಅಂತ ಅದನ್ನೇ ಕೊಂಡೆ. ಎಷ್ಟು ಜನ ಹೀಗೆ ಶುರು ಮಾಡಿರುತ್ತಾರೋ!

ಆಮೇಲೆ ಇಪಿಎಸ್ ಅನ್ನೋ ಮಾತು ಕಣ್ಣಿಗೆ ಬಿತ್ತು. ಕಂಪನಿಯ ವರ್ಷದ ಲಾಭದಲ್ಲಿ ಒಂದು ಷೇರಿನ ಪಾಲಿಗೆ ಬರುವುದು ಎಷ್ಟು ಅಂತ. ನನ್ನ ಷೇರಿಗೆ ಬರೀ 0.50, ಆ ಇನ್ನೊಂದಕ್ಕೆ 50. ಬೆಲೆಯನ್ನು ಇಪಿಎಸ್‌ನಿಂದ ಭಾಗಿಸಿದರೆ ಸಿಗುವುದೇ ಪಿಇ. ನನ್ನದು 40, ಅದರದ್ದು 10. ಅಂದರೆ ನಾನೇ ದುಬಾರಿಯದ್ದನ್ನು ಹಿಡಿದಿದ್ದೆ. ಪಿಇ ಕಡಿಮೆ ಇದ್ದರೆ ಒಳ್ಳೆಯದೇ ಅಂತೇನಿಲ್ಲ, ಲಾಭ ಕುಸಿಯುತ್ತದೆ ಅನ್ನೋ ಭಯಕ್ಕೂ ಅದು ಇಳಿದಿರುತ್ತದೆ. ಆದರೆ ಬರೀ ಬೆಲೆ ನೋಡಿ ಅಗ್ಗ, ದುಬಾರಿ ಅನ್ನೋದನ್ನು ಅವತ್ತೇ ಬಿಟ್ಟೆ.

ಒಂದು ನೋಟ್‌ಬುಕ್ ಇಟ್ಟೆ. ಹೊಸ ಮಾತು ಬಂದಾಗ ಅರ್ಥ ಬರೆಯುತ್ತಿರಲಿಲ್ಲ. ಯಾವುದನ್ನು ಯಾವುದರಿಂದ ಭಾಗಿಸಿದ್ದು ಅಂತಷ್ಟೇ ಬರೆಯುತ್ತಿದ್ದೆ.

ತಲೆ ಕೆಡಿಸಿದ್ದು ಬಾಂಡ್, ಅಂದರೆ ಸರ್ಕಾರಕ್ಕೋ ಕಂಪನಿಗೋ ನಾವು ಕೊಟ್ಟ ಸಾಲದ ಪತ್ರ. ‘ಬಡ್ಡಿದರ ಏರಿತು, ಬಾಂಡ್ ಬೆಲೆ ಇಳಿಯಿತು’ ಅಂತ ಓದಿದರೆ ತಿರುವುಮುರುವಾಗಿ ಅಚ್ಚಾಗಿದೆ ಅನ್ನಿಸುತ್ತಿತ್ತು. ಬಡ್ಡಿ ಏರಿದರೆ ಬಾಂಡ್ ಇಟ್ಟುಕೊಂಡವರಿಗೆ ಲಾಭ ತಾನೇ? ಅಲ್ಲ. ಲೆಕ್ಕ ಹಾಕಿದೆ. ಮುಖಬೆಲೆ, ಅಂದರೆ ಕೊನೆಗೆ ವಾಪಸ್ ಬರುವ ಅಸಲು, 1,000. ಅದರ ಮೇಲಿನ ಬಡ್ಡಿಯಾದ ಕೂಪನ್ ಶೇ. 5, ಅಂದರೆ ವರ್ಷಕ್ಕೆ 50. ಈ 50 ಕೊನೆಯವರೆಗೂ ಬದಲಾಗುವುದಿಲ್ಲ. (ಹಿಂದೆ ಬಾಂಡ್ ಕಾಗದಕ್ಕೆ ನಿಜವಾಗಿಯೂ ಚೀಟಿಗಳು ಅಂಟಿಕೊಂಡಿರುತ್ತಿದ್ದವು. ಒಂದೊಂದನ್ನೇ ಕತ್ತರಿಸಿ ಕೊಟ್ಟು ಬಡ್ಡಿ ಪಡೆಯುತ್ತಿದ್ದರು. ಕೂಪನ್ ಅನ್ನೋ ಹೆಸರು ಅದರಿಂದ ಬಂತು.) ಈಗ ಅಂಥದ್ದೇ ಹೊಸ ಬಾಂಡ್ ಶೇ. 7 ಕೊಡುತ್ತಿದೆ. ನನ್ನ 50ರ ಬಾಂಡನ್ನು 1,000 ಕೊಟ್ಟು ಯಾರು ಕೊಳ್ಳುತ್ತಾರೆ? ಬೆಲೆ ಇಳಿಸಲೇಬೇಕು. ಎಷ್ಟು ಇಳಿಸಬೇಕು ಅನ್ನೋದು ಮೆಚ್ಯೂರಿಟಿಗೆ, ಅಂದರೆ ಅಸಲು ವಾಪಸ್ ಬರುವ ದಿನಕ್ಕೆ, ಎಷ್ಟು ಕಾಲ ಬಾಕಿಯಿದೆ ಅನ್ನೋದರ ಮೇಲೆ ನಿಂತಿದೆ. ಒಂದೇ ವರ್ಷವಾದರೆ ಸುಮಾರು 981 ಸಿಗುತ್ತದೆ. 10 ವರ್ಷವಾದರೆ ಸುಮಾರು 860. ಈ ಎರಡು ಅಂಕಿ ಪಕ್ಕಪಕ್ಕ ಬರೆದುಕೊಂಡ ಮೇಲೆ, ದೀರ್ಘಾವಧಿ ಬಾಂಡ್‌ಗೆ ಏಟು ಯಾಕೆ ಜಾಸ್ತಿ ಅಂತ ಯಾರೂ ಹೇಳಿಕೊಡಬೇಕಾಗಲಿಲ್ಲ.

ಕೂಪನ್‌ಗೂ ಯೀಲ್ಡ್‌ಗೂ ಇರುವ ವ್ಯತ್ಯಾಸವೂ ಇಲ್ಲೇ ತಿಳಿಯಿತು. ಕೂಪನ್ ದರ ಮುಖಬೆಲೆಯ ಮೇಲಿನದು. ಯೀಲ್ಡ್ ನಾನು ಕೊಟ್ಟ ಬೆಲೆಯ ಮೇಲಿನದು. 860ಕ್ಕೆ ಕೊಂಡವರಿಗೆ ಅದೇ 50 ಶೇ. 5.8 ಆಗುತ್ತದೆ. ಕೊನೆಗೆ 1,000 ಕೈಗೆ ಬರುವ ಲಾಭವನ್ನೂ ಸೇರಿಸಿದರೆ ಶೇ. 7. ಇದನ್ನೇ ‘ಯೀಲ್ಡ್ ಟು ಮೆಚ್ಯೂರಿಟಿ’ ಅನ್ನುತ್ತಾರೆ.

ಇಷ್ಟು ಗೊತ್ತಿದ್ದೂ ಮತ್ತೊಮ್ಮೆ ಎಡವಿದೆ. ಶೇ. 8 ಡಿವಿಡೆಂಡ್ ಯೀಲ್ಡ್ ಇದೆ ಅಂತ ಒಂದು ಷೇರು ಕೊಂಡೆ. ಡಿವಿಡೆಂಡ್ ಅಂದರೆ ಕಂಪನಿ ತನ್ನ ಷೇರುದಾರರಿಗೆ ಹಂಚುವ ಲಾಭದ ಪಾಲು. ಡಿವಿಡೆಂಡನ್ನು ಬೆಲೆಯಿಂದ ಭಾಗಿಸಿದ್ದು ಅಂತ ನೋಟ್‌ಬುಕ್‌ನಲ್ಲಿ ನಾನೇ ಬರೆದಿದ್ದೆ. ಆದರೆ ಡಿವಿಡೆಂಡ್ 4 ಇದ್ದದ್ದು 4 ಆಗಿಯೇ ಇತ್ತು, ಬೆಲೆ ಮಾತ್ರ 100ರಿಂದ 50ಕ್ಕೆ ಬಿದ್ದಿತ್ತು. ಅದನ್ನು ನೋಡಲೇ ಇಲ್ಲ. ಮುಂದಿನ ವರ್ಷ ಕಂಪನಿ ಡಿವಿಡೆಂಡನ್ನೇ ನಿಲ್ಲಿಸಿತು. ಬಾಂಡ್ ಬಡ್ಡಿ ಕೊಡದಿದ್ದರೆ ಅದು ಸಾಲ ತಪ್ಪಿದ ಹಾಗೆ. ಡಿವಿಡೆಂಡ್‌ಗೆ ಅಂಥ ಕಟ್ಟುಪಾಡಿಲ್ಲ.

ಈಗ ಯಾವ ಯೀಲ್ಡ್ ಕಂಡರೂ ಅದರ ಪಕ್ಕದಲ್ಲಿ ಒಂದು ವರ್ಷದ ಹಿಂದಿನ ಬೆಲೆಯನ್ನೂ ಬರೆದುಕೊಳ್ಳುತ್ತೇನೆ.