ಕಾರ್ಯಾಗಾರ ಬೇಡ, ಒಂದು ಪಾಠ ತನ್ನಿ

ಕೊಡಗಿನ ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುವುದು ನನ್ನ ಉದ್ಯೋಗ. ಅದರ ಜೊತೆಗೆ, ಯಾವ ಆದೇಶವೂ ಇಲ್ಲದೆ ನಾನೇ ಮೈಮೇಲೆ ಎಳೆದುಕೊಂಡ ಇನ್ನೊಂದು ಕೆಲಸವಿದೆ: ಆನ್‌ಲೈನ್ ಪಾಠ ಸಿದ್ಧಪಡಿಸಲು ಸಹೋದ್ಯೋಗಿಗಳಿಗೆ ನೆರವಾಗುವುದು. ಕೋವಿಡ್ ಮುಗಿದು ಇಷ್ಟು ಕಾಲವಾಯಿತು, ಇನ್ನೂ ಆನ್‌ಲೈನ್ ಪಾಠವೇ ಎಂದು ಬಯಲುಸೀಮೆಯ ಗೆಳೆಯರು ಕೇಳುತ್ತಾರೆ. ಅವರು ನಮ್ಮ ಜುಲೈ ತಿಂಗಳನ್ನು ಕಂಡವರಲ್ಲ. ಭಾಗಮಂಡಲದ ಸಂಗಮ ಉಕ್ಕಿ ನಾಪೋಕ್ಲು ರಸ್ತೆಯ ಮೇಲೆ ನೀರು ನಿಂತಿತೆಂದರೆ ಆ ಕಡೆಯ ವಿದ್ಯಾರ್ಥಿಗಳು ಬರುವುದಿಲ್ಲ. ಬಿರುನಾಣಿ, ಕುಟ್ಟದ ಕಡೆ ಮರ ಉರುಳಿದರೆ ಬಸ್ಸೂ ಇಲ್ಲ, ಕರೆಂಟೂ ಇಲ್ಲ. ಮಳೆ ರಜೆಯ ಘೋಷಣೆಯಲ್ಲಿ ಪದವಿ ಕಾಲೇಜು ಸೇರಿರಲಿ, ಬಿಡಲಿ, ತರಗತಿಯಂತೂ ಅರ್ಧ ಖಾಲಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಜಾರಿದಾಗ ಪಾಠದ ಮಾತೆತ್ತುವ ಸ್ಥಿತಿಯೇ ಇರಲಿಲ್ಲ. ಮಳೆ ಮುಗಿದು ಡಿಸೆಂಬರ್ ಬಂದರೆ ಕಾಫಿ ಕೊಯ್ಲು. ತೋಟದ ಮನೆಯವರಿಗೂ ಲೈನ್ ಮನೆಗಳ ಕೂಲಿಕಾರರಿಗೂ ಮಕ್ಕಳ ಕೈ ಬೇಕಾಗುತ್ತದೆ. ಹಾಜರಾತಿ ಪುಸ್ತಕ ಇಟ್ಟುಕೊಂಡ ಯಾವ ಅಧ್ಯಾಪಕನಿಗೂ ಇದು ಹೊಸ ಸಂಗತಿಯಲ್ಲ.

ತೊಡಕೇನೆಂದರೆ, ಮಳೆ ಜೋರಾದಾಗ ಆನ್‌ಲೈನ್ ಪಾಠ ಬೇಕು. ಮಳೆ ಜೋರಾದಾಗಲೇ ನೆಟ್‌ವರ್ಕ್ ಇರುವುದಿಲ್ಲ. ಕರೆಂಟು ಹೋದರೆ ಸ್ವಲ್ಪ ಹೊತ್ತಿನಲ್ಲಿ ಟವರ್ ಕೂಡ ಸುಮ್ಮನಾಗುತ್ತದೆ. ಕೋವಿಡ್ ಕಾಲದಲ್ಲಿ ನಮ್ಮ ಜಿಲ್ಲೆಯ ಮುಳ್ಳೂರಿನ ಶಾಲಾ ಶಿಕ್ಷಕರೊಬ್ಬರು ಸಿಗ್ನಲ್‌ಗಾಗಿ ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡು ಪಾಠ ಮಾಡಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಅವರ ಶ್ರದ್ಧೆಗೆ ಕೈಮುಗಿಯಬೇಕು. ಆದರೆ ಅಟ್ಟಣಿಗೆ ಏರಿದ ಶಿಕ್ಷಕರಿಗೆ ಸಿಗ್ನಲ್ ಸಿಕ್ಕಿದರೆ ಸಾಲದು, ಕೇಳುವ ಮಗುವಿಗೂ ಅದೇ ಹೊತ್ತಿಗೆ ಸಿಗಬೇಕಲ್ಲ. ಹಾಗಾಗಿ ನೇರ ತರಗತಿಯ ಆಸೆಯನ್ನು ನಾನು ಬೇಗ ಬಿಟ್ಟೆ. ಸಿಗ್ನಲ್ ಇದ್ದಾಗ ಇಳಿಸಿಕೊಂಡು, ಇಲ್ಲದಾಗ ಓದಬಹುದಾದ, ಕೇಳಬಹುದಾದ ಪಾಠವೇ ನಮ್ಮ ಜಿಲ್ಲೆಗೆ ಸರಿ. ಅಂಥ ಪಾಠವನ್ನು ಅಧ್ಯಾಪಕರೇ ಮಾಡಬೇಕು, ಬೇಸಿಗೆಯಲ್ಲೇ ಮಾಡಿಡಬೇಕು, ಮಳೆಗಾಲಕ್ಕೆ ಸೌದೆ ಕೂಡಿಡುವ ಹಾಗೆ.

ಇದನ್ನು ಅಧ್ಯಾಪಕರಿಗೆ ಕಲಿಸುವುದು ಹೇಗೆ? ನಮ್ಮಲ್ಲಿ ಅದಕ್ಕೆ ಇರುವ ಒಂದೇ ಉತ್ತರ ಕಾರ್ಯಾಗಾರ. ಬ್ಯಾನರ್, ದೀಪ, ಸ್ವಾಗತ, ಸಂಪನ್ಮೂಲ ವ್ಯಕ್ತಿ, ಊಟ, ಫೀಡ್‌ಬ್ಯಾಕ್ ಫಾರಂ, ಪ್ರಮಾಣಪತ್ರ. ಕಾಲೇಜಿನ ಗುಣಮಟ್ಟ ನೋಡಿಕೊಳ್ಳುವ ಐಕ್ಯೂಎಸಿ ಘಟಕದ ಕಡತಕ್ಕೆ ಒಂದು ಫೋಟೊ. 2020ರಲ್ಲಿ ಇದೇ ವೆಬಿನಾರ್ ರೂಪ ತಾಳಿತು. ಕ್ಯಾಮೆರಾ ಮುಚ್ಚಿ ಮನೆಗೆಲಸ ಮಾಡುತ್ತ ಕುಳಿತು, ಕೊನೆಯಲ್ಲಿ ಗೂಗಲ್ ಫಾರ್ಮ್ ತುಂಬಿ ಇ-ಪ್ರಮಾಣಪತ್ರ ಇಳಿಸಿಕೊಂಡವರಲ್ಲಿ ನಾನೂ ಒಬ್ಬ. ಅಲ್ಲಿ ಹತ್ತು ಬಗೆಯ ಆ್ಯಪ್ ತೋರಿಸುತ್ತಾರೆ. ತೋರಿಸುವವರ ಊರಿನಲ್ಲಿ ಅವೆಲ್ಲ ಚೆನ್ನಾಗಿಯೇ ನಡೆಯುತ್ತವೆ. ಮರುದಿನ ಸಹೋದ್ಯೋಗಿ ತನ್ನ ಪಾಠದ ಮುಂದೆ ಕುಳಿತಾಗ ಯಾವ ಆ್ಯಪ್‌ನಿಂದ ಶುರು ಮಾಡಬೇಕೆಂಬುದೇ ಹೊಳೆಯುವುದಿಲ್ಲ. ಆ್ಯಪ್ ಗೊತ್ತಿಲ್ಲದಿರುವುದು ಸಣ್ಣ ಸಮಸ್ಯೆ. ಈ ಪಾಠದಲ್ಲಿ ವಿದ್ಯಾರ್ಥಿ ಎಲ್ಲಿ ಎಡವುತ್ತಾನೆ ಎಂದು ಕೂತು ಯೋಚಿಸಲು ಪುರುಸೊತ್ತು ಸಿಗದಿರುವುದು ದೊಡ್ಡ ಸಮಸ್ಯೆ.

ಆದ್ದರಿಂದ ನನ್ನ ಷರತ್ತು ಸರಳ. ಸಹಾಯ ಬೇಕಾದವರು ಒಂದು ಪಾಠ ತರಬೇಕು. ಇಡೀ ಘಟಕ ಬೇಡ, ತಾವು ನಾಳೆಯೋ ನಾಡಿದ್ದೋ ನಿಜವಾಗಿ ಮಾಡಲಿರುವ ಒಂದು ಪಾಠ. ನಾನು ಪಕ್ಕದಲ್ಲಿ ಕೂರುತ್ತೇನೆ, ಮೌಸ್ ಅವರ ಕೈಯಲ್ಲೇ ಇರುತ್ತದೆ. ನಮ್ಮಿಬ್ಬರ ನಡುವೆ ನಡೆದದ್ದು ಪ್ರಾಂಶುಪಾಲರ ಕೊಠಡಿಗೂ ಹೋಗುವುದಿಲ್ಲ, ಯಾವ ವರದಿಗೂ ಸೇರುವುದಿಲ್ಲ. ಈ ಕೊನೆಯ ಮಾತು ಸ್ಪಷ್ಟವಾಗುವವರೆಗೆ ಹಿರಿಯರಾರೂ ನನ್ನ ಬಳಿ ಬರಲಿಲ್ಲ. ನೆರವನ್ನೂ ಮೌಲ್ಯಮಾಪನವನ್ನೂ ಒಂದೇ ಕೈ ಮಾಡಿದರೆ ಜನ ತಮಗೆ ಬಾರದ್ದನ್ನು ತೋರಿಸುವುದಿಲ್ಲ. ಬರುವುದನ್ನೇ ಮತ್ತೆ ಮತ್ತೆ ತೋರಿಸುತ್ತಾರೆ.

ವಾಣಿಜ್ಯ ವಿಭಾಗದ ಅತಿಥಿ ಉಪನ್ಯಾಸಕಿಯೊಬ್ಬರು ಸವಕಳಿಯ, ಅಂದರೆ ಯಂತ್ರದಂಥ ಆಸ್ತಿಯ ಬೆಲೆ ವರ್ಷವರ್ಷ ಇಳಿಯುವ ಲೆಕ್ಕದ, ಪಾಠ ತಂದಿದ್ದರು. ಸ್ಲೈಡ್‌ಗಳು ಮುಗಿಯುವಂತೆಯೇ ಇರಲಿಲ್ಲ: ವ್ಯಾಖ್ಯೆ, ಕಾರಣಗಳು, ಉದ್ದೇಶಗಳು, ಸ್ಥಿರ ಕಂತಿನ ವಿಧಾನ, ಇಳಿಕೆ ಶೇಷ ವಿಧಾನ, ಎರಡರ ಗುಣದೋಷ. ಎಲ್ಲವೂ ಪಠ್ಯಪುಸ್ತಕದಲ್ಲಿ ಇರುವುದೇ. "ಮೇಡಂ, ಉತ್ತರ ಪತ್ರಿಕೆ ತಿದ್ದುವಾಗ ಇದರಲ್ಲಿ ಯಾವ ತಪ್ಪು ಹೆಚ್ಚಾಗಿ ಕಾಣುತ್ತದೆ?" ಎಂದು ಕೇಳಿದೆ. ಅವರು ಯೋಚಿಸಲೇ ಇಲ್ಲ. "ಇಳಿಕೆ ಶೇಷ ವಿಧಾನದಲ್ಲಿ ಎರಡನೆಯ ವರ್ಷವೂ ಮೂಲ ಬೆಲೆಯ ಮೇಲೆಯೇ ಲೆಕ್ಕ ಹಾಕುತ್ತಾರೆ ಸರ್, ಪ್ರತಿ ವರ್ಷವೂ ಇದೇ ಕಥೆ" ಎಂದರು. ಹಾಗಾದರೆ ಪಾಠ ಅಲ್ಲಿಂದಲೇ ಶುರುವಾಗಲಿ ಎಂದು ನಿರ್ಧರಿಸಿದೆವು. ಒಂದು ಲಕ್ಷ ರೂಪಾಯಿಗೆ ಕೊಂಡ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ, ವರ್ಷಕ್ಕೆ ಶೇ 10ರ ಸವಕಳಿ. ಮೊದಲ ವರ್ಷ 10,000. ಎರಡನೆಯ ವರ್ಷ ಎಷ್ಟು? ಇಲ್ಲಿ ರೆಕಾರ್ಡ್ ಮಾಡಿದ ಪಾಠದ ಧ್ವನಿ ನಿಲ್ಲುತ್ತದೆ. ವಿದ್ಯಾರ್ಥಿ ಪುಸ್ತಕದಲ್ಲಿ ಉತ್ತರ ಬರೆದ ಮೇಲೆ ಮುಂದುವರಿಯಬೇಕು. ಬರೆದದ್ದು 10,000 ಆಗಿದ್ದರೆ ಅದು ಪ್ರತಿ ವರ್ಷವೂ ಒಂದೇ ಮೊತ್ತ ಕಳೆಯುವ ಸ್ಥಿರ ಕಂತಿನ ಲೆಕ್ಕ. ಈ ವಿಧಾನದಲ್ಲಿ ಉಳಿದ 90,000ದ ಮೇಲೆ 9,000, ಮೂರನೆಯ ವರ್ಷ 8,100. ತಪ್ಪು ಉತ್ತರದಿಂದಲೇ ಎರಡೂ ವಿಧಾನಗಳ ವ್ಯತ್ಯಾಸ ತೆರೆದುಕೊಂಡಿತು. ಉದ್ದೇಶ, ಗುಣದೋಷಗಳೆಲ್ಲ ಒಂದು ಪುಟದ ಟಿಪ್ಪಣಿಯಾಗಿ ಹೋದವು. ಸ್ಲೈಡ್ ಉಳಿದದ್ದು ಬೆರಳೆಣಿಕೆಯಷ್ಟು. ತಂತ್ರಜ್ಞಾನದ ವಿಚಾರಕ್ಕೆ ನಾವು ಬಂದದ್ದು ಆಮೇಲೆ, ಅದಕ್ಕೆ ಹೆಚ್ಚು ಹೊತ್ತೂ ಹಿಡಿಯಲಿಲ್ಲ.

ತಂತ್ರಜ್ಞಾನದಲ್ಲಿ ನಾನು ಹಟ ಹಿಡಿಯುವುದು ಗಾತ್ರದ ಬಗ್ಗೆ ಮಾತ್ರ. ಮಾತಿನ ಧ್ವನಿಯನ್ನು ಸೆಕೆಂಡಿಗೆ 24 ಕಿಲೋಬಿಟ್‌ನಲ್ಲಿ ಉಳಿಸಿದರೆ ಹತ್ತು ನಿಮಿಷದ ಪಾಠ ಎರಡು ಎಂಬಿಯನ್ನೂ ಮುಟ್ಟುವುದಿಲ್ಲ. ಅದೇ ಹತ್ತು ನಿಮಿಷವನ್ನು 500 ಕಿಲೋಬಿಟ್‌ನ ವಿಡಿಯೊ ಮಾಡಿದರೆ 37 ಎಂಬಿ ದಾಟುತ್ತದೆ. ಒಂದೇ ಕಡ್ಡಿ ಸಿಗ್ನಲ್ ಇರುವ ಮನೆಯಲ್ಲಿ ಮೊದಲನೆಯದು ಇಳಿಯುತ್ತದೆ, ಎರಡನೆಯದು ಸುತ್ತುತ್ತಲೇ ಇರುತ್ತದೆ. ಆದ್ದರಿಂದ ನಮ್ಮ ಪಾಠದ ಮೂಲ ರೂಪ ಒಂದು ಧ್ವನಿ ಕಡತ, ಜೊತೆಗೆ ಪುಟದ ಸಂಖ್ಯೆ ಹಾಕಿದ ಪಿಡಿಎಫ್. "ಈಗ ಮೂರನೆಯ ಪುಟ ನೋಡಿ" ಎಂದು ಧ್ವನಿಯಲ್ಲೇ ಹೇಳಬೇಕು. ರೇಖಾಚಿತ್ರ ಹಂತಹಂತವಾಗಿ ಬೆಳೆಯಬೇಕಾದ ಕಡೆ ಮಾತ್ರ ವಿಡಿಯೊ. ಅಧ್ಯಾಪಕರ ಮುಖ ಕಾಣಲೇಬೇಕೆಂದಿಲ್ಲ. ಇದನ್ನು ಒಪ್ಪಿಸುವುದಕ್ಕೆ ಕೆಲವರೊಡನೆ ಸ್ವಲ್ಪ ಜಗಳವಾಡಿದ್ದೂ ಉಂಟು.

ರೆಕಾರ್ಡಿಂಗ್ ಎಂದೊಡನೆ ಸ್ಟುಡಿಯೊ ಬೇಕು, ದುಬಾರಿ ಮೈಕ್ ಬೇಕು ಎಂದು ಅರ್ಜಿ ಬರೆಯಲು ಹೊರಡುವವರಿಗೆ ಹೇಳುವ ಮಾತೊಂದಿದೆ: ಇಯರ್‌ಫೋನಿನ ಮೈಕ್ ಬಾಯಿಗೆ ಹತ್ತಿರವಿರಲಿ, ಕಿಟಕಿ ಮುಚ್ಚಿರಲಿ, ಕೋಣೆಯಲ್ಲಿ ಬಟ್ಟೆಬರೆ, ಹಾಸಿಗೆ ಇರಲಿ, ಪ್ರತಿಧ್ವನಿ ತಾನಾಗಿ ಅಡಗುತ್ತದೆ. ಶೀಟು ಹೊದಿಸಿದ ಮನೆಯವರು ಮಳೆಗಾಲದಲ್ಲಿ ರೆಕಾರ್ಡ್ ಮಾಡುವ ಯೋಚನೆಯನ್ನೇ ಬಿಡಬೇಕು. ನಮ್ಮ ಕಕ್ಕಡ ಮಾಸದ (ಜುಲೈ–ಆಗಸ್ಟ್) ಮಳೆಯನ್ನು ಅಳಿಸುವ ಸಾಫ್ಟ್‌ವೇರ್ ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ.

ಕನ್ನಡ, ಇತಿಹಾಸ, ರಾಜ್ಯಶಾಸ್ತ್ರ ವಿಭಾಗದ ಹಿರಿಯರದು ಬೇರೆಯೇ ಕಷ್ಟ. ಅವರ ಬಳಿ ವರ್ಷಗಟ್ಟಲೆ ಶ್ರದ್ಧೆಯಿಂದ ಬೆರಳಚ್ಚಿಸಿದ ಟಿಪ್ಪಣಿಗಳಿವೆ. ಎಲ್ಲವೂ ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ, ಎಲ್ಲ ಮೊಬೈಲುಗಳೂ ಓದಬಲ್ಲ ಯೂನಿಕೋಡ್‌ನಲ್ಲಲ್ಲ. ಕಾಲೇಜಿನ ಕಂಪ್ಯೂಟರಿನಲ್ಲಿ ಮುದ್ದಾಗಿ ಕಾಣುವ ಪುಟ ವಿದ್ಯಾರ್ಥಿಯ ಮೊಬೈಲಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗುಡ್ಡೆಯಾಗುತ್ತದೆ. "ನನ್ನ ನೋಟ್ಸ್ ಆನ್‌ಲೈನಿಗೆ ಒಗ್ಗುವುದಿಲ್ಲ ಬಿಡಿ" ಎಂದು ಹಿರಿಯರೊಬ್ಬರು ಕೈಚೆಲ್ಲಿದ್ದರು. ಒಗ್ಗದೇ ಇದ್ದದ್ದು ಫಾಂಟ್. ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ, ಕ್ಷಣದಲ್ಲಿ ಯೂನಿಕೋಡ್ ಮಾಡಿಕೊಡುತ್ತವೆ. ಆದರೆ ಆಮೇಲೆ ಸಾಲುಸಾಲಾಗಿ ಓದಲೇಬೇಕು. ಅರ್ಕಾವತ್ತು ಒಮ್ಮೊಮ್ಮೆ ಪಕ್ಕದ ಅಕ್ಷರಕ್ಕೆ ಜಿಗಿದಿರುತ್ತದೆ. ನಡುವೆ ಇದ್ದ ಇಂಗ್ಲಿಷ್ ಪದಗಳೂ ಕನ್ನಡವಾಗಿ ವಿಚಿತ್ರ ವೇಷದಲ್ಲಿ ನಿಂತಿರುತ್ತವೆ. ನಾವಿಬ್ಬರೂ ಕುಳಿತು ಮೊದಲ ಕಡತವನ್ನು ತಿದ್ದಿದೆವು. ಉಳಿದವನ್ನು ಅವರೇ ಮಾಡಿದರು. ಮಾಡುತ್ತ ಹಳೆಯ ಟಿಪ್ಪಣಿಗಳನ್ನು ಅರ್ಧಕ್ಕೆ ಇಳಿಸಿದರು. ಹೊಸದಾಗಿ ಬರೆಯುವುದಕ್ಕೆ ಈಗ ಮೊಬೈಲಿನ ಧ್ವನಿ ಟೈಪಿಂಗ್ ಹಿಡಿದಿದ್ದಾರೆ. ಅವರ ಉಚ್ಚಾರ ಶುದ್ಧವಾಗಿರುವುದರಿಂದ ನನಗಿಂತ ಕಡಿಮೆ ತಪ್ಪು ಬರುತ್ತದೆ.

ಪಾಠದ ಉದ್ದದ ಬಗ್ಗೆ ವಾದ ಎದ್ದಾಗ ನಾನು ತೋರಿಸುವುದು 2014ರ ಒಂದು ಅಧ್ಯಯನ. ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕಾ ವೇದಿಕೆಯ ನಾಲ್ಕು ಕೋರ್ಸ್‌ಗಳಲ್ಲಿ ವಿಡಿಯೊ ನೋಡಿದ 69 ಲಕ್ಷ ಸಂದರ್ಭಗಳನ್ನು ಪರಿಶೀಲಿಸಿದ್ದರು. ವಿಡಿಯೊ ಎಷ್ಟೇ ಉದ್ದವಿರಲಿ, ನೋಡುವ ಮಧ್ಯಕ ಅವಧಿ ಆರು ನಿಮಿಷ ಮೀರಲಿಲ್ಲ. ದುಬಾರಿ ಸ್ಟುಡಿಯೊಗಿಂತ ಮೇಜಿನ ಮುಂದೆ ಕುಳಿತು ಸಹಜವಾಗಿ ಮಾತನಾಡಿದ ವಿಡಿಯೊಗಳು ಹೆಚ್ಚು ಹಿಡಿದಿಡಬಹುದು ಎಂದೂ ಅದರಲ್ಲಿದೆ. ಅವರ ವಿದ್ಯಾರ್ಥಿಗಳು ಬೇರೆ, ನಮ್ಮವರು ಬೇರೆ. ಆದರೂ ಒಂದು ಗಂಟೆಯ ಉಪನ್ಯಾಸವನ್ನು ಹಾಗೆಯೇ ಮೊಬೈಲಿಗೆ ತುರುಕಬೇಕೆನ್ನುವವರ ಮುಂದೆ ಇದು ಕೆಲಸಕ್ಕೆ ಬರುತ್ತದೆ. ಪ್ರತಿ ತುಣುಕಿನ ಕೊನೆಗೆ ಪುಸ್ತಕ ಮುಚ್ಚಿ ಉತ್ತರಿಸಬೇಕಾದ ಎರಡು ಪ್ರಶ್ನೆ ಇಡಲೇಬೇಕೆಂದೂ ಹೇಳುತ್ತೇನೆ. ಓದಿದ್ದನ್ನೇ ಮತ್ತೆ ಓದುವುದಕ್ಕಿಂತ ನೆನಪಿನಿಂದ ಹೊರತೆಗೆಯುವುದು ಒಂದು ವಾರದ ಬಳಿಕ ಹೆಚ್ಚು ಉಳಿಸುತ್ತದೆ ಎಂಬುದನ್ನು ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲೇ ಪ್ರಯೋಗದಿಂದ ತೋರಿಸಿದ್ದಾರೆ. ಗೂಗಲ್ ಫಾರ್ಮ್‌ಗೆ ಇಂಟರ್ನೆಟ್ ಬೇಕೇ ಬೇಕು. ಮೂಡಲ್ ಎಂಬ ಆನ್‌ಲೈನ್ ಕಲಿಕಾ ತಂತ್ರಾಂಶದ ಆ್ಯಪ್‌ನಲ್ಲಿ ರಸಪ್ರಶ್ನೆಯನ್ನು ಇಳಿಸಿಕೊಂಡು ಸಂಪರ್ಕವಿಲ್ಲದೆ ಉತ್ತರಿಸಲು ಸಾಧ್ಯ, ಅಧ್ಯಾಪಕರು ಆ ಆಯ್ಕೆಯನ್ನು ಮೊದಲೇ ತೆರೆದಿಟ್ಟಿರಬೇಕು ಅಷ್ಟೆ. ಮೂಡಲ್ ಇಲ್ಲದವರು ಪ್ರಶ್ನೆಯನ್ನು ಪಿಡಿಎಫ್‌ನಲ್ಲೇ ಕೊಟ್ಟು ಉತ್ತರವನ್ನು ಕೊನೆಯ ಪುಟದಲ್ಲಿ ಇಡುತ್ತಾರೆ. ಕೆಲವು ವಿದ್ಯಾರ್ಥಿಗಳು ಮೊದಲೇ ಉತ್ತರ ನೋಡಿಬಿಡುತ್ತಾರೆ, ನೋಡಲಿ.

ಕಡತಗಳಿಗೆ ಹೆಸರಿಡುವುದು ಕ್ಷುಲ್ಲಕವೆನಿಸಬಹುದು, ನಮ್ಮ ರಾಜ್ಯದಲ್ಲಿ ಹಾಗಲ್ಲ. 2021–22ರಲ್ಲಿ ಹೊಸ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು, 2024–25ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ನಡುವೆ ನಮ್ಮ ಜಿಲ್ಲೆಗೇ ಕೊಡಗು ವಿಶ್ವವಿದ್ಯಾಲಯ ಬಂತು. "ಮೂರನೆಯ ಸೆಮಿಸ್ಟರ್, ಘಟಕ ಎರಡು" ಎಂದು ಹೆಸರಿಟ್ಟು ಪಾಠದೊಳಗೂ ಅದನ್ನೇ ಉಚ್ಚರಿಸಿದವರ ಶ್ರಮ ಒಂದು ಸುತ್ತೋಲೆಗೆ ಹಳತಾಯಿತು. "ಬೇಡಿಕೆಯ ಸ್ಥಿತಿಸ್ಥಾಪಕತ್ವ" ಎಂದು ಮಾತ್ರ ಇಟ್ಟವರದು ಇಂದಿಗೂ ನಡೆಯುತ್ತಿದೆ.

ಪಾಠ ಮುಗಿದ ಮೇಲೆ ಅದು ತರಗತಿಯಲ್ಲಿ ಏನಾಯಿತು ಎಂದು ನೋಡದಿದ್ದರೆ ಅರ್ಧ ಕೆಲಸವಾದಂತೆ. ಕರೆದರೆ ಮಾತ್ರ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಅಧ್ಯಾಪಕರನ್ನು ನೋಡುವುದಕ್ಕಿಂತ ವಿದ್ಯಾರ್ಥಿಗಳ ಪುಸ್ತಕವನ್ನು ನೋಡುತ್ತೇನೆ: ಧ್ವನಿ ನಿಂತಲ್ಲಿ ಉತ್ತರ ಬರೆದಿದ್ದಾರೆಯೇ, ಜಾಗ ಖಾಲಿ ಬಿಟ್ಟಿದ್ದಾರೆಯೇ? ಖಾಲಿ ಜಾಗಗಳು ಎಲ್ಲಿ ಹೆಚ್ಚು ಎಂದು ಸ್ಟಾಫ್ ರೂಮಿನಲ್ಲಿ ಕಾಫಿ ಕುಡಿಯುತ್ತ ಹೇಳುತ್ತೇನೆ. ಪ್ರತಿಯಾಗಿ ಅವರೂ ನನ್ನ ತರಗತಿಗೆ ಬರಬೇಕು. ಈ ಕೊಡುಕೊಳ್ಳುವಿಕೆ ಇಲ್ಲದಿದ್ದರೆ ನಾನೂ ಇನ್ನೊಬ್ಬ ಇನ್ಸ್‌ಪೆಕ್ಟರ್ ಆಗಿಬಿಡುತ್ತೇನೆ.

ಪ್ರಮಾಣಪತ್ರದ ಕೋರ್ಸ್‌ಗಳೇ ಬೇಡವೆಂದು ನನ್ನ ವಾದವಲ್ಲ. 2017ರಲ್ಲಿ ಶುರುವಾದ, ಕೇಂದ್ರ ಸರ್ಕಾರದ ‘ಸ್ವಯಂ’ ಆನ್‌ಲೈನ್ ವೇದಿಕೆಯ ಕೋರ್ಸ್‌ಗಳಲ್ಲಿ ವಿಡಿಯೊ, ಓದುವ ಸಾಮಗ್ರಿ, ಚರ್ಚೆ, ಸ್ವಯಂ ಮೌಲ್ಯಮಾಪನ ಎಂಬ ನಾಲ್ಕು ಭಾಗಗಳಿರುತ್ತವೆ. ಒಂದನ್ನು ವಿದ್ಯಾರ್ಥಿಯಾಗಿ ಕೊನೆಯವರೆಗೂ ಮಾಡಿದ ಅಧ್ಯಾಪಕರಿಗೆ ತಮ್ಮ ಪಾಠದ ಕುಂದು ತಾನಾಗಿ ಕಾಣುತ್ತದೆ. ಯುಜಿಸಿಯ 2018ರ ನಿಯಮಗಳ ಪ್ರಕಾರ ಇಂಥ ಕೋರ್ಸ್ ಪೂರೈಸುವುದಕ್ಕೂ ನಾಲ್ಕು ಭಾಗಗಳ ಇ-ಪಾಠ ತಯಾರಿಸುವುದಕ್ಕೂ ಬಡ್ತಿಯಲ್ಲಿ ಬೆಲೆಯಿದೆ. ಆದರೆ ಬಡ್ತಿ ಕಾಯಂ ಅಧ್ಯಾಪಕರಿಗೆ. ನಮ್ಮ ಸರ್ಕಾರಿ ಪದವಿ ಕಾಲೇಜುಗಳ ಪಾಠದ ಹೊರೆಯಲ್ಲಿ ದೊಡ್ಡ ಪಾಲು ಹೊರುವ ಅತಿಥಿ ಉಪನ್ಯಾಸಕರಿಗೆ ಅದರಿಂದ ಏನೂ ದಕ್ಕುವುದಿಲ್ಲ. ಕಾಲೇಜು ಹಂಚುವ ಕೌನ್ಸೆಲಿಂಗ್‌ನಲ್ಲಿ ಮುಂದಿನ ವರ್ಷ ಯಾವ ಊರು ಸಿಗುವುದೋ ಎಂಬುದೂ ಅವರಿಗೆ ತಿಳಿದಿರುವುದಿಲ್ಲ. ಹಾಗಿದ್ದೂ ಒಂದು ಪಾಠ ಹಿಡಿದು ಬರುವವರಲ್ಲಿ ಅವರೇ ಹೆಚ್ಚು.

ಅವರಿಗಾಗಿ ಮಾಡಿಕೊಂಡ ಏರ್ಪಾಡು ಹೀಗಿದೆ. ತಯಾರಾದ ಪ್ರತಿ ಪಾಠದ ಮೊದಲ ಪುಟದಲ್ಲಿ ಮಾಡಿದವರ ಹೆಸರು ಇರುತ್ತದೆ, ಕಾಲೇಜಿನದು ಅದರ ಕೆಳಗೆ. ತಿದ್ದಬಹುದಾದ ಮೂಲ ಕಡತ, ಧ್ವನಿ, ಪ್ರಶ್ನೆಗಳ ಒಂದು ಪ್ರತಿ ಅವರ ಪೆನ್‌ಡ್ರೈವ್‌ಗೆ ಹೋಗುತ್ತದೆ, ಇನ್ನೊಂದು ವಿಭಾಗದಲ್ಲಿ ಉಳಿಯುತ್ತದೆ. ಸವಕಳಿಯ ಪಾಠ ಮಾಡಿದ ಮೇಡಂ ಈಗ ಹಾಸನ ಜಿಲ್ಲೆಯಲ್ಲಿದ್ದಾರೆ. ಪಲ್ಪರ್ ತೆಗೆದು ಟ್ರ್ಯಾಕ್ಟರ್ ಹಾಕಿಕೊಂಡಿದ್ದಾರಂತೆ, ಲೆಕ್ಕ ಅದೇ.