ಬ್ಯಾಂಕಾಕ್‌ನಲ್ಲಿ ಕೊಳ್ಳುವುದಕ್ಕಿಂತ ಹೊರುವುದು ಕಷ್ಟ

ಬ್ಯಾಂಕಾಕ್‌ಗೆ ಹೊರಟವರೆಲ್ಲ ಕೇಳುವುದು ಒಂದೇ: ಯಾವುದು ಎಲ್ಲಿ ಅಗ್ಗ? ನನ್ನ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. ಕೊಂಡದ್ದನ್ನು ಹಿಡಿದುಕೊಂಡು ಎಷ್ಟು ದೂರ ನಡೆಯಬೇಕು, ಎಷ್ಟು ಮೆಟ್ಟಿಲು ಹತ್ತಬೇಕು, ಆಮೇಲೆ ಯಾವ ವಾಹನ ಏರಬೇಕು ಎನ್ನುವುದು ಮೊದಲನೆಯದು. ಆ ಊರಿನ ಸೆಕೆ ನಮ್ಮ ಕರಾವಳಿಯ ಏಪ್ರಿಲ್ ಸೆಕೆಗೆ ಏನೂ ಕಡಿಮೆಯಿಲ್ಲ. ಅದರ ಮೇಲೆ ಜೊತೆಗಿದ್ದವರು ಮಂಡಿ ನೋವಿನ, ಈರುಳ್ಳಿ ಬೆಳ್ಳುಳ್ಳಿ ಮುಟ್ಟದ, ಆದರೆ ಚೌಕಾಸಿಯಲ್ಲಿ ಯಾರಿಗೂ ಜಗ್ಗದ ನಮ್ಮ ಅತ್ತೆ. ಹಾಗಾಗಿ ನಾನು ಅಂಗಡಿಗಳ ಪಟ್ಟಿ ಮಾಡಲಿಲ್ಲ. ರೈಲು ಮತ್ತು ದೋಣಿಗಳ ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡು, ದಿನಕ್ಕೊಂದು ದಾರಿ ಎಂದು ಗೆರೆ ಎಳೆದೆ. ಹಗುರವಾದದ್ದು ದಾರಿಯ ಆರಂಭದಲ್ಲಿ, ಭಾರವಾದದ್ದು ಕೊನೆಯಲ್ಲಿ. ಕೊನೆಯ ಅಂಗಡಿ ಆದಷ್ಟೂ ನಿಲ್ದಾಣದ ಹತ್ತಿರ.

ಉಳಿದುಕೊಳ್ಳುವ ಜಾಗವನ್ನೂ ಇದೇ ಲೆಕ್ಕದಲ್ಲಿ ಆರಿಸಿದೆ. ಸುವರ್ಣಭೂಮಿ ವಿಮಾನ ನಿಲ್ದಾಣದಿಂದ ಹೊರಡುವ ರೈಲು ಅರ್ಧ ಗಂಟೆಯೊಳಗೆ ಫಯಾ ಥಾಯ್ ನಿಲ್ದಾಣಕ್ಕೆ ಬಂದು ನಿಲ್ಲುತ್ತದೆ. ಪೂರ್ತಿ ದೂರಕ್ಕೆ 45 ಬಾತ್. ಅಲ್ಲಿಯೇ ಬಿಟಿಎಸ್ ಎಂಬ ಮೇಲ್ಸೇತುವೆ ರೈಲು ಸಿಗುತ್ತದೆ. ಫಯಾ ಥಾಯ್‌ನಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಸಾಧಾರಣ ಹೋಟೆಲ್ ಹಿಡಿದೆ. ಸುಖುಮ್ವಿತ್ ರಸ್ತೆಯ ಹೋಟೆಲ್‌ಗಳು ಇದಕ್ಕಿಂತ ಚೆಂದ, ಒಪ್ಪುತ್ತೇನೆ. ಆದರೆ ಪೆಟ್ಟಿಗೆ ಎಳೆದುಕೊಂಡು ಬರುವವರಿಗೆ ಚೆಂದಕ್ಕಿಂತ ಹತ್ತಿರ ಮುಖ್ಯ.

ರೈಲಿನ ವಿಷಯದಲ್ಲಿ ಒಂದು ಗೊಂದಲವನ್ನು ಮೊದಲೇ ಬಗೆಹರಿಸಿಕೊಳ್ಳಬೇಕು. 1999ರಲ್ಲಿ ಶುರುವಾದ ಬಿಟಿಎಸ್ ಬೇರೆ, 2004ರಲ್ಲಿ ಬಂದ ಎಂಆರ್‌ಟಿ ಮೆಟ್ರೋ ಬೇರೆ. ನಡೆಸುವವರು ಬೇರೆ, ಟಿಕೆಟ್ಟೂ ಬೇರೆ. ಬಿಟಿಎಸ್‌ಗೆ ರ್‍ಯಾಬಿಟ್ ಎಂಬ ಕಾರ್ಡ್ ಇದೆ. ಅದನ್ನು ಕೊಳ್ಳುವಾಗ ಪಾಸ್‌ಪೋರ್ಟ್ ತೋರಿಸಬೇಕು. ಅದೇ ಕಾರ್ಡನ್ನು ಎಂಆರ್‌ಟಿಯ ಗೇಟಿಗೆ ಎಷ್ಟು ಒತ್ತಿದರೂ ಬಾಗಿಲು ತೆರೆಯದು. ಅಲ್ಲಿ ಕಪ್ಪು ಪ್ಲಾಸ್ಟಿಕ್ ಬಿಲ್ಲೆ ಕೊಳ್ಳಬೇಕು, ಇಲ್ಲವೇ ಸ್ಪರ್ಶವಿಲ್ಲದೆ ಹಣ ಕಟ್ಟುವ ಸೌಲಭ್ಯವಿರುವ ಬ್ಯಾಂಕ್ ಕಾರ್ಡನ್ನೇ ನೇರವಾಗಿ ತೋರಿಸಬಹುದು. ಒಳಗೆ ಹೋಗುವಾಗ ಬಿಲ್ಲೆಯನ್ನು ತಾಗಿಸುವುದು, ಹೊರಬರುವಾಗ ಕಿಂಡಿಯೊಳಗೆ ಹಾಕುವುದು. ಅತ್ತೆಯವರು ಆ ಬಿಲ್ಲೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಕುಳಿತಿದ್ದರು. ಪ್ರತಿ ನಿಲ್ದಾಣದಲ್ಲೂ ಗಂಟು ಬಿಚ್ಚುವುದನ್ನು ಹಿಂದಿನವರು ನಗುತ್ತ ಕಾಯುತ್ತಿದ್ದರು. ಬೈದವರು ಒಬ್ಬರೂ ಇಲ್ಲ.

ನನಗೆ ಅತ್ಯಂತ ಇಷ್ಟವಾದದ್ದು ನದಿಯ ದಿನ. ಫಯಾ ಥಾಯ್‌ನಿಂದ ಬಿಟಿಎಸ್ ಹತ್ತಿ, ಸಯಾಮ್‌ನಲ್ಲಿ ಇಳಿದು, ಅದೇ ಕಟ್ಟೆಯ ಎದುರು ಬದಿಯಲ್ಲಿ ಇನ್ನೊಂದು ರೈಲು ಹಿಡಿದರೆ ಸಫಾನ್ ತಕ್ಸಿನ್. ಒಂದು ಮೆಟ್ಟಿಲೂ ಹತ್ತದೆ ರೈಲು ಬದಲಿಸುವಂತೆ ಸಯಾಮ್ ನಿಲ್ದಾಣವನ್ನು ಕಟ್ಟಿದ ಎಂಜಿನಿಯರಿಗೆ ಮಂಡಿ ನೋವಿನ ತಾಯಿ ಇದ್ದಿರಬೇಕು. ಸಫಾನ್ ತಕ್ಸಿನ್‌ನಲ್ಲಿ ಕೆಳಗಿಳಿದರೆ ಸಾಥೋರ್ನ್ ದೋಣಿಕಟ್ಟೆ. ಅಲ್ಲಿ ಪ್ರವಾಸಿಗರ ದೋಣಿಯ ಟಿಕೆಟ್ ಮಾರುವವರು ದೊಡ್ಡ ದನಿಯಲ್ಲಿ ಕರೆಯುತ್ತಾರೆ. ಅವರನ್ನು ದಾಟಿ, ಕಿತ್ತಳೆ ಬಾವುಟದ ದೋಣಿ ಎಲ್ಲಿ ಎಂದು ಕೇಳಿ. ಊರಿನವರು ಓಡಾಡುವುದು ಅದರಲ್ಲಿ. ನಾವು ಹೋದಾಗ ಎಲ್ಲಿಗೆ ಹೋದರೂ ಒಂದೇ ದರ, 16 ಬಾತ್. ಕಟ್ಟೆ ಹತ್ತಿರವಾದಂತೆ ದೋಣಿಯ ಹಿಂಬದಿಯಲ್ಲಿ ನಿಂತ ಹುಡುಗ ಸೀಟಿ ಊದತೊಡಗುತ್ತಾನೆ. ಉದ್ದ ಸೀಟಿ, ಗಿಡ್ಡ ಸೀಟಿ, ಮತ್ತೆ ನಾಲ್ಕು ಚೂರು ಸೀಟಿ. ಮುಂದೆ ಕುಳಿತ ಚಾಲಕನಿಗೆ ಹಿಂಬದಿ ಕಾಣಿಸದು. ಆ ಸೀಟಿ ಕೇಳಿಯೇ ದೋಣಿಯನ್ನು ಕಟ್ಟೆಗೆ ತಾಗಿಸುತ್ತಾನೆ. ತಾಗಿದ ಮೇಲೆ ನಿಲ್ಲುವುದು ಅರೆಗಳಿಗೆ. ಇಳಿಯುವವರು ಮೊದಲೇ ಹಿಂಬದಿಗೆ ಬಂದು ನಿಂತಿರಬೇಕು. ಕೈಯಲ್ಲಿ ಎರಡೆರಡು ಚೀಲವಿದ್ದರೆ ಆ ಅರೆಗಳಿಗೆ ಸಾಲದು. ಆದ್ದರಿಂದಲೇ ದೋಣಿಯನ್ನು ಹೋಗುವಾಗ ಇಟ್ಟುಕೊಂಡೆ, ಬರುವಾಗ ಅಲ್ಲ.

ರಾಚವೊಂಗ್ ಕಟ್ಟೆಯಲ್ಲಿ ಇಳಿದು ಸ್ವಲ್ಪ ನಡೆದರೆ ಸಂಪೆಂಗ್ ಓಣಿ. ಚೀನೀ ವರ್ತಕರ ಹಳೆಯ ಬೀದಿ. ಚಿಕ್ಕಪೇಟೆಯನ್ನು ಇನ್ನೂ ಅರ್ಧಕ್ಕೆ ಕಿರಿದು ಮಾಡಿದರೆ ಹೇಗಿರುತ್ತದೋ ಹಾಗೆ. ಮಣಿ, ಗುಂಡಿ, ರಿಬ್ಬನ್, ಕೂದಲ ಪಿನ್ನು, ಉಡುಗೊರೆ ಸುತ್ತುವ ಕಾಗದ, ಆಟಿಕೆ, ಎಲ್ಲವೂ ಡಜನ್ ಲೆಕ್ಕದಲ್ಲಿ. ಒಂದೇ ಒಂದು ಪಿನ್ನು ಕೇಳಿದರೆ ಅಂಗಡಿಯಾಕೆ ಕೋಪಿಸಿಕೊಳ್ಳುವುದಿಲ್ಲ, ಆದರೆ ನಿಮ್ಮನ್ನು ನೋಡುವುದನ್ನು ನಿಲ್ಲಿಸುತ್ತಾಳೆ. ಊರಿನಲ್ಲಿ ಹಂಚಬೇಕಾದ ನೆಂಟರ ಮಕ್ಕಳು ಎಷ್ಟು ಎಂದು ಮೊದಲೇ ಬರೆದುಕೊಂಡು ಹೋಗಿ, ಡಜನ್ನಿನಲ್ಲಿ ಕೊಂಡರೆ ಅಲ್ಲಿನ ಬೆಲೆಗೆ ಅರ್ಥ. ಓಣಿಯ ನಡುವೆ ಸರಕಿನ ತಳ್ಳುಗಾಡಿಗಳು, ಅವುಗಳ ಹಿಂದೆಯೇ ಮೋಟಾರ್ ಸೈಕಲ್ಲುಗಳು ನುಗ್ಗಿ ಬರುತ್ತವೆ. ಬದಿಗೆ ಸರಿದು ನಿಲ್ಲಬೇಕು, ಕೂಗಾಡಿ ಪ್ರಯೋಜನವಿಲ್ಲ. ಭಾನುವಾರ ಹಲವು ಅಂಗಡಿಗಳು ಮುಚ್ಚಿರುತ್ತವೆ.

ಈ ಓಣಿಯನ್ನು ಪಶ್ಚಿಮಕ್ಕೆ ಹಿಡಿದು ನಡೆದರೆ ಅದು ತಾನಾಗಿಯೇ ಪಹುರಾತ್‌ಗೆ ಬಂದು ಮುಟ್ಟುತ್ತದೆ. ಹಿಂತಿರುಗಿ ನಡೆಯುವ ಪ್ರಮೇಯವೇ ಇಲ್ಲ. ಪಹುರಾತ್ ಭಾರತೀಯರ ಬಟ್ಟೆ ಪೇಟೆ, ಚಿನ್ನದ ಬಣ್ಣದ ಗುಮ್ಮಟದ ಗುರುದ್ವಾರ ದೂರದಿಂದಲೇ ಕಾಣುತ್ತದೆ. ಥಾಯ್ ನೃತ್ಯದ ಉಡುಪುಗಳೂ ಇಲ್ಲಿ ಸಿಗುತ್ತವೆ. ಬಟ್ಟೆ ಭಾರದ ಸರಕು, ಅದಕ್ಕೇ ದಾರಿಯ ಕೊನೆಯಲ್ಲಿ ಇಟ್ಟದ್ದು. ಅತ್ತೆಯವರ ಉಡುಪಿ ಹಿಂದಿಗೆ ಇಲ್ಲಿ ಜೀವ ಬಂತು. ಸರ್ದಾರ್‌ಜಿಯೊಬ್ಬರು ಗಜಕ್ಕೆ ಹೇಳಿದ ಬೆಲೆಯನ್ನು ಕೇಳಿ, "ಇದೇ ಬಟ್ಟೆ ನಮ್ಮ ಕಡೆಯಿಂದಲೇ ಬಂದಿರುವುದು, ನಮಗೇ ಈ ಬೆಲೆಯೇ?" ಎಂದರು. ಅವರು ನಕ್ಕು, "ಮಾತಾಜಿ, ಬರುವಾಗ ಅದೂ ವಿಮಾನದಲ್ಲಿ ಬಂದಿದೆ" ಎಂದು ಸ್ವಲ್ಪ ಇಳಿಸಿದರು. ಭಾರತದಿಂದ ಬಂದ ಬಟ್ಟೆಯನ್ನು ಭಾರತಕ್ಕೆ ಹೊತ್ತುಕೊಂಡು ಹೋಗುವುದು ದಡ್ಡತನ ಎಂದು ನನಗೆ ಅನಿಸಿತು. ಹೇಳಲಿಲ್ಲ. ಮೂರು ಗಜ ಕೊಂಡೆವು.

ಅಲ್ಲಿಂದ ಕಾಲುನಡಿಗೆಯಲ್ಲಿ ಪಾಕ್ ಖ್ಲೋಂಗ್ ತಲಾತ್, ಹಗಲು ರಾತ್ರಿ ನಡೆಯುವ ಹೂವಿನ ಮಾರುಕಟ್ಟೆ. ಚೆಂಡುಹೂವಿನ ಮೂಟೆಗಳ ನಡುವೆ ಕುಳಿತ ಹೆಂಗಸರು ಮಲ್ಲಿಗೆ ಮೊಗ್ಗನ್ನು ಉದ್ದನೆಯ ಸೂಜಿಗೆ ಒಂದೊಂದಾಗಿ ಪೋಣಿಸಿ, ದುಂಡಗೆ ಜೋಡಿಸಿ, ತುದಿಗೆ ಗುಲಾಬಿ ಇಳಿಬಿಡುತ್ತಾರೆ. ನಮ್ಮಂತೆ ದಾರದಲ್ಲಿ ಕಟ್ಟುವುದಿಲ್ಲ. ಇದು ಮುಡಿಯುವ ಹೂವಲ್ಲ, ದೇವರಿಗೆ. ಅತ್ತೆಯವರು ಒಂದು ಮಾಲೆ ಕೊಂಡು, ಮರುದಿನ ಚಿತ್ ಲೋಮ್‌ನ ಎರವಾನ್ ಗುಡಿಯಲ್ಲಿ ನಾಲ್ಕು ಮುಖದ ಬ್ರಹ್ಮನಿಗೆ ಅರ್ಪಿಸುವುದಾಗಿ ಕೈಚೀಲದಲ್ಲಿ ತಣ್ಣೀರಿನ ಬಾಟಲಿಯ ಪಕ್ಕ ಇಟ್ಟರು. ನಮ್ಮ ಕಡೆ ಬ್ರಹ್ಮನಿಗೆ ಪೂಜೆ ಅಪರೂಪ, ಇಲ್ಲಿ ಅವನಿಗೆ ಬಿಡುವೇ ಇಲ್ಲ. ಮಾರುಕಟ್ಟೆಯ ಹತ್ತಿರವೇ ಸನಾಮ್ ಚಾಯ್ ನಿಲ್ದಾಣ. 2019ರಲ್ಲಿ ಎಂಆರ್‌ಟಿ ಹಳೆಯ ಊರಿಗೆ ಬಂದದ್ದರಿಂದ ಈ ದಾರಿ ಸಾಧ್ಯವಾಯಿತು. ಸೀಲೋಮ್‌ನಲ್ಲಿ ಇಳಿದು, ಮೇಲಿನ ಸಾಲಾ ಡೇಂಗ್‌ನಲ್ಲಿ ಬಿಟಿಎಸ್ ಹಿಡಿದು ಹೋಟೆಲ್. ಸಂಜೆ ಐದರಿಂದ ಏಳರವರೆಗೆ ಚೀಲಗಳೊಂದಿಗೆ ರೈಲು ಹತ್ತಬೇಡಿ. ನಾಲ್ಕಕ್ಕೆ ಮೊದಲು ಹೊರಟುಬಿಡಬೇಕು.

ಪ್ರಾತುನಾಮ್ ಸಿದ್ಧ ಉಡುಪಿನ ಸಗಟು ಪ್ರದೇಶ. ಅಲ್ಲಿಗೆ ಹೋಗಲು ಸೇನ್ ಸೇಪ್ ಕಾಲುವೆಯ ದೋಣಿ ಇದೆ. ಕಾಲುವೆಯ ನೀರು ಕಪ್ಪು, ವಾಸನೆಯೂ ಉಂಟು. ಎದುರಿನಿಂದ ಇನ್ನೊಂದು ದೋಣಿ ಬಂದಾಗ ನೀರು ಚಿಮ್ಮದಂತೆ ಅಂಚಿನಲ್ಲಿ ಕುಳಿತವರೇ ಹಗ್ಗ ಎಳೆದು ಪ್ಲಾಸ್ಟಿಕ್ ಪರದೆ ಏರಿಸಬೇಕು. ಅಂಚಿನ ಸೀಟು ಸಿಕ್ಕಿದರೆ ಈ ಕೆಲಸವೂ ನಿಮ್ಮದೇ. ಹೆಲ್ಮೆಟ್ ತೊಟ್ಟ ಕಂಡಕ್ಟರ್ ದೋಣಿಯ ಹೊರಅಂಚಿನ ಮೇಲೆ ನಡೆದುಕೊಂಡೇ ಟಿಕೆಟ್ ಹರಿಯುತ್ತಾರೆ. ಅತ್ತೆಯವರನ್ನು ಇದರಲ್ಲಿ ಹತ್ತಿಸಲಿಲ್ಲ. ಅವರೊಂದಿಗೆ ಬಿಟಿಎಸ್‌ನ ಚಿತ್ ಲೋಮ್ ನಿಲ್ದಾಣದಲ್ಲಿ ಇಳಿದು, ನೆರಳಿರುವ ಮೇಲ್ಗಾಲುದಾರಿಯಲ್ಲಿ ನಿಧಾನವಾಗಿ ನಡೆದು ಪ್ಲಾಟಿನಂ ಎಂಬ ಬಟ್ಟೆ ಅಂಗಡಿಗಳ ಸಂಕೀರ್ಣ ಸೇರಿದೆ. ಅಲ್ಲಿನ ನಿಯಮ ಸರಳ: ಒಂದು ಕೊಂಡರೆ ಒಂದು ಬೆಲೆ, ಒಂದೇ ಅಂಗಡಿಯಲ್ಲಿ ಮೂರು ಕೊಂಡರೆ ಕಡಿಮೆ ಬೆಲೆ. ಬಣ್ಣ, ಮಾದರಿ ಬೇರೆಬೇರೆಯಾದರೂ ಎಷ್ಟೋ ಕಡೆ ನಡೆಯುತ್ತದೆ. ತೊಟ್ಟು ನೋಡಲು ಬಹುತೇಕ ಕಡೆ ಬಿಡುವುದಿಲ್ಲ. ಚೆನ್ನಾಗಿ ಹೊಂದುವ ಒಂದು ಹಳೆಯ ಕುರ್ತಾವನ್ನು ಚೀಲದಲ್ಲಿಟ್ಟುಕೊಂಡು ಹೋಗಿ, ಅದರ ಮೇಲಿಟ್ಟು ಅಳೆದೆ. ಥಾಯ್ ಅಳತೆಗಳು ನಮ್ಮವಕ್ಕಿಂತ ಚಿಕ್ಕವು.

ಚಾಟುಚಾಕ್ ವಾರಾಂತ್ಯದ ಸಂತೆ. ಶನಿವಾರ ಭಾನುವಾರ ಅದರದೇ ಸಾಮ್ರಾಜ್ಯ. ಇಪ್ಪತ್ತೇಳು ವಿಭಾಗಗಳು, ಸಾವಿರಾರು ಮಳಿಗೆಗಳು. ಇಷ್ಟವಾದದ್ದನ್ನು ಅಲ್ಲಿಯೇ ಕೊಳ್ಳಬೇಕು. ಸುತ್ತಿ ಬಂದು ನೋಡೋಣ ಎಂದರೆ ಆ ಅಂಗಡಿ ಮತ್ತೆ ಸಿಗುವುದಿಲ್ಲ. ಪಿಂಗಾಣಿಯಂಥ ಭಾರದ ವಸ್ತುವಾದರೆ ಮಳಿಗೆಯ ಮೇಲಿನ ವಿಭಾಗದ ಮತ್ತು ಓಣಿಯ ಸಂಖ್ಯೆಯನ್ನು ಮೊಬೈಲ್‌ನಲ್ಲಿ ಚಿತ್ರ ತೆಗೆದುಕೊಂಡು, ಹೊರಡುವ ಮುನ್ನ ಬಂದು ಒಯ್ದೆ. ನಡುವಿನ ಗಡಿಯಾರ ಗೋಪುರದ ಕೆಳಗೆ ಅತ್ತೆಯವರಿಗೆ ಒಂದು ಕುರ್ಚಿ, ಚಿಪ್ಪಿನಲ್ಲಿ ಕೊಡುವ ಎಳನೀರ ಐಸ್‌ಕ್ರೀಮು. ತಪ್ಪಿಸಿಕೊಂಡವರು ಅಲ್ಲಿಗೇ ಬರಬೇಕೆಂದು ಮಾತಾಗಿತ್ತು.

ಬೆಳಿಗ್ಗೆ ಒಂಬತ್ತಕ್ಕೆ ಹೋದದ್ದಕ್ಕೆ ಒಂದು ಲಾಭ ಸಿಕ್ಕಿತು. ಮರದ ಸೌಟುಗಳ ಅಂಗಡಿಯಲ್ಲಿ ನಾವೇ ಮೊದಲ ಗಿರಾಕಿಗಳು. ಬೆಲೆಯ ಮಾತುಕತೆ ಅಲ್ಲಿ ಬಾಯಲ್ಲಿ ನಡೆಯುವುದಿಲ್ಲ, ಕ್ಯಾಲ್ಕುಲೇಟರಿನಲ್ಲಿ ನಡೆಯುತ್ತದೆ. ಅಂಗಡಿಯಾಕೆ 180 ಒತ್ತಿದಳು, ಅತ್ತೆ 120 ಒತ್ತಿದರು. ಆಕೆ 160, ಅತ್ತೆ 140, ಇಬ್ಬರ ಮುಖದಲ್ಲೂ ನಗು. 150ಕ್ಕೆ ಇತ್ಯರ್ಥ. ನೋಟು ಕೈಗೆ ಬಂದೊಡನೆ ಆಕೆ ಅದರಿಂದ ಸೌಟು, ತಟ್ಟೆ, ಬಟ್ಟಲು, ಅಂಗಡಿಯ ಎಲ್ಲ ಸರಕನ್ನೂ ಟಪಟಪನೆ ತಟ್ಟಿಕೊಂಡು ಬಂದಳು. ಅತ್ತೆಯವರಿಗೆ ಯಾರೂ ವಿವರಿಸಬೇಕಾಗಲಿಲ್ಲ. "ಬೋಣಿಗೆ ನಮ್ಮದು ಕಣೇ, ಇನ್ನೂ ಹತ್ತು ಇಳಿಸಬಹುದಿತ್ತು" ಎಂದರು. ನನ್ನ ಅನುಭವದಲ್ಲಿ ಹತ್ತರಿಂದ ಇಪ್ಪತ್ತು ಶೇಕಡಾ ಇಳಿದರೆ ಅದು ನ್ಯಾಯವಾದ ವ್ಯಾಪಾರ. ಅರ್ಧ ಬೆಲೆಗೆ ಕೇಳುವುದು, ದನಿ ಏರಿಸುವುದು, ನಮ್ಮ ಬೆಲೆಗೆ ಒಪ್ಪಿದ ಮೇಲೆ ಬೇಡವೆಂದು ಎದ್ದು ಹೋಗುವುದು, ಇವು ಮೂರೂ ಅಲ್ಲಿ ಒರಟುತನ.

ಹಣದ ವಿಷಯ. ಸಂತೆಯಲ್ಲಿ ನಗದೇ ಸಲೀಸು. ಅಲ್ಲಿನ ಕ್ಯೂಆರ್ ಫಲಕಗಳ ಹಿಂದೆ ಇರುವುದು ಅಲ್ಲಿನ ಬ್ಯಾಂಕುಗಳು. ವಿದೇಶಿ ಕಾರ್ಡಿಗೆ ಎಟಿಎಂಗಳು ಪ್ರತಿ ಸಲವೂ 200 ಬಾತ್‌ಗೂ ಮೀರಿ ಶುಲ್ಕ ಹಿಡಿಯುತ್ತವೆ, ಆದ್ದರಿಂದ ಚೂರು ಚೂರಾಗಿ ತೆಗೆಯಬಾರದು. ಬಾತ್‌ಗೆ ಎರಡೂವರೆಯಿಂದ ಮೂರು ರೂಪಾಯಿ ಬೀಳುತ್ತದೆ. ನಾನು ಮನಸ್ಸಿನಲ್ಲಿ ಯಾವಾಗಲೂ ಮೂರರಿಂದಲೇ ಗುಣಿಸುತ್ತಿದ್ದೆ. ಲೆಕ್ಕ ಹೆಚ್ಚಾಗಿ ಬಂದರೆ ಕೈ ತಾನಾಗಿಯೇ ಬಿಗಿಯುತ್ತದೆ.

ಊಟಕ್ಕೆ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರವಿರುವ ಅಂಗಡಿಗಳನ್ನು ಹುಡುಕಿದೆ. ಚೀನೀ ಬೌದ್ಧರ 'ಜೇ' ಅಡುಗೆ ಅದು: ಮಾಂಸ, ಮೊಟ್ಟೆ, ಮೀನಿನ ಸಾರ ಯಾವುದೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಬರೀ ಸಸ್ಯಾಹಾರ ಎಂದು ಕೇಳಿದರೆ ಮೀನಿನ ಸಾಸು ಬೀಳುವ ಭಯ ಇದ್ದೇ ಇರುತ್ತದೆ. ಮಠದ ಊಟಕ್ಕಿಂತ ಕಟ್ಟುನಿಟ್ಟು ಎಂದು ಅತ್ತೆ ಒಪ್ಪಿಗೆಯ ಮುದ್ರೆ ಒತ್ತಿದರು.

ಟುಕ್‌ಟುಕ್ ಏರಿದ್ದು ಮೋಜಿಗಾಗಿ, ಬೆಲೆ ಮೊದಲೇ ಮಾತಾಡಿ. ಅರಮನೆಯ ಸುತ್ತಮುತ್ತ ಯಾರಾದರೂ ನಯವಾಗಿ ಬಂದು "ಇವತ್ತು ಅರಮನೆ ಮುಚ್ಚಿದೆ, ಬೇರೆ ಕಡೆ ತೋರಿಸುತ್ತೇನೆ" ಎಂದರೆ ಕಾಲು ನಿಲ್ಲಿಸಬಾರದು. ಆ ದಾರಿ ಹರಳಿನ ಅಂಗಡಿಯಲ್ಲಿ ಮುಗಿಯುತ್ತದೆ. ಪಿಂಗಾಣಿ ಕೊಂಡ ದಿನ ಮಾತ್ರ ನಾನು ರೈಲಿನ ಹಟ ಬಿಟ್ಟು ಟ್ಯಾಕ್ಸಿ ಹಿಡಿದೆ. ಸಣ್ಣ ಕಾರಿನ ಮೀಟರು 35 ಬಾತ್‌ನಿಂದ ಶುರುವಾಗುತ್ತದೆ. ಮೀಟರ್ ಹಾಕುವುದಿಲ್ಲ ಎಂದವನಿಗೆ ಕೈಮುಗಿದು ಬಾಗಿಲು ಮುಚ್ಚಿದರೆ ಹಿಂದೆಯೇ ಇನ್ನೊಬ್ಬ ಬರುತ್ತಾನೆ.

ಹೊರಡುವ ಹಿಂದಿನ ರಾತ್ರಿ ಪೆಟ್ಟಿಗೆಗಳನ್ನು ಕೈತಕ್ಕಡಿಯಲ್ಲಿ ತೂಗಿದೆ. ಬೆಂಗಳೂರಿನಿಂದ ಅದನ್ನು ಒಯ್ದಿದ್ದೆ. ಬಟ್ಟೆ ಮೇಲೆ ಕೆಳಗೆ, ಪಿಂಗಾಣಿ ನಡುವೆ. ಬುದ್ಧನ ವಿಗ್ರಹವನ್ನು ದೇಶದಿಂದ ಹೊರಗೆ ಒಯ್ಯಲು ಲಲಿತಕಲಾ ಇಲಾಖೆಯ ಪರವಾನಗಿ ಬೇಕು, ಹಾಗಾಗಿ ಅತ್ತೆ ಮೆಚ್ಚಿದ ಒಂದು ಕಂಚಿನ ಮೂರ್ತಿ ಅಂಗಡಿಯಲ್ಲೇ ಉಳಿಯಿತು. ದೊಡ್ಡ ಮಳಿಗೆಯಲ್ಲಿ ಒಂದೇ ದಿನ 2,000 ಬಾತ್‌ಗೆ ಮೇಲ್ಪಟ್ಟು ಕೊಂಡಿದ್ದರೆ ಶೇಕಡಾ 7ರ ತೆರಿಗೆಯಲ್ಲಿ ಒಂದು ಪಾಲು ಮರಳಿ ಸಿಗುತ್ತದೆ. ಕೊಳ್ಳುವಾಗಲೇ ಪಾಸ್‌ಪೋರ್ಟ್ ತೋರಿಸಿ ನಮೂನೆ ಪಡೆದಿರಬೇಕು, ಕೊಂಡದ್ದು ದೊಡ್ಡ ಮೊತ್ತದ್ದಾದರೆ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಒಪ್ಪಿಸುವ ಮುನ್ನವೇ ಸುಂಕದವರ ಮುದ್ರೆ ಹಾಕಿಸಿರಬೇಕು. ಸಂತೆಯ ಅಂಗಡಿಗಳಿಗೆ ಇದು ಅನ್ವಯಿಸುವುದಿಲ್ಲ, ನಾವು ಕೊಂಡದ್ದೆಲ್ಲ ಸಂತೆಯದೇ. ಹಿಂತಿರುಗುವಾಗಲೂ ಫಯಾ ಥಾಯ್‌ನಿಂದ ಅದೇ 45 ಬಾತ್‌ನ ರೈಲು. ಪೆಟ್ಟಿಗೆ ಎರಡಕ್ಕಿಂತ ಹೆಚ್ಚಾದರೆ ಟ್ಯಾಕ್ಸಿಯೇ ವಾಸಿ, ಮೇಲ್ರಸ್ತೆಯ ಟೋಲ್ ಮಾತ್ರ ನಾವೇ ಕೊಡಬೇಕು. ನಮ್ಮದು ಸರಿಯಾಗಿ ಎರಡಿತ್ತು, ಸೌಟಿನ ಕಟ್ಟು ಅತ್ತೆಯವರ ಕಂಕುಳಲ್ಲಿ.